ಶಾಂತಾನ ಅವ್ವ

ಮುದ್ದೇಬಿಹಾಳ, ೯ ಏಪ್ರಿಲ್ ೧೯೭೮, ಭಾನುವಾರ. ಬೆಳಿಗ್ಗೆ ಏಳೂವರೆ.

ಒಳಗೆ ಅವ್ವ ತುಪ್ಪದಲ್ಲಿ ಶಾವಿಗೆ ಹುರಿಯುತ್ತಿದ್ದಾಳೆ. ಬಾಯಲ್ಲಿ ನೀರೂರಬೇಕಿತ್ತು, ನನಗೆ ಶಾಂತಾನ ಅವ್ವ ನೆನಪಾದಳು. ನಿಮಗೂ ಆಕೆಯ ಪರಿಚಯ ಮಾಡಿಸುತ್ತೇನೆ.

ನಾಲ್ಕು ವರ್ಷದ ಹಿಂದೆ ಪಕ್ಕದ ಮನೆಗೆ ಬಾಡಿಗೆಗೆ ಬಂದಿದ್ದರು. ಮಗಳು ಶಾಂತಾ ಮೂರನೆಯ ಇಯತ್ತೆಯಲ್ಲಿದ್ದಳು. ಶಾಲೆಗೆಲ್ಲ ಕನ್ನಡಕ ಇದ್ದದ್ದು ಅವಳೊಬ್ಬಳಿಗೇ, ಅದೂ ದಪ್ಪ ಗಾಜಿನದು. ಸಾಕಲ್ಲ! "ಏ ಬ್ಯಾಟರಿ, ಹಗಲಾಗೈತಿ, ಆರಸ!" ಎಂದು ಹುಡುಗರು ಕೂಗುವರು. ಮಗಳು ಅಳುತ್ತ ಬಂದದ್ದು ನೋಡಿ ತಾಯಿ ದಿನಾಲು ಮಧ್ಯಾಹ್ನದ ಬಿಡುವಿಗೆ ಶಾಲೆಯ ಗೇಟಿನಲ್ಲಿ ನಿಲ್ಲತೊಡಗಿದಳು. ಹುಡುಗರಿಗೆ ಇನ್ನೂ ಹಿಗ್ಗು. "ಬ್ಯಾಟರಿ ಹಿಂದ ಸೆಲ್ಲೂ ಬಂತ್ರಲೇ!" ಶಾಂತಾ ಶಾಲೆಯೇ ಬೇಡವೆಂದಳು. ಬಿಡಿಸಿಬಿಡುವುದೆಂದು ತಾಯಿಯೂ ನಿಶ್ಚಯಿಸಿದಳು.

ನಮ್ಮವ್ವ ಮೊದಲು ಅಪ್ಪನನ್ನು ಮಾಸ್ತರರ ಬಳಿ ಅಟ್ಟಿದಳು. ಬಿಡುವಿನಲ್ಲಿ ಅಂಗಳದಲ್ಲೇ ಇರುತ್ತೇನೆಂದು ಅವರು ಮಾತು ಕೊಟ್ಟರು. ಆದರೆ ತಾಯಿಯ ಕಾಲು ಮನೆಯಲ್ಲಿ ನಿಲ್ಲಬೇಕಲ್ಲ? ಮರುದಿನ ಬಿಡುವಿಗೆ ತುಸು ಮೊದಲು ಅವ್ವ ಶಾವಿಗೆಯ ಹಿಟ್ಟು ನಾದಿ ಆಕೆಯನ್ನು ಕರೆದಳು. ಹೊಸೆಯಲು ಕೂತವರು ನಡುವೆ ಏಳುವಂತಿಲ್ಲ, ಹಿಟ್ಟು ಒಣಗಿ ಬಿರುಸಾಗುತ್ತದೆ. ಜ್ವರ ಬಿಟ್ಟು ಮನೆಯಲ್ಲಿದ್ದ ನನಗೆ ಎಳೆಗಳನ್ನು ಕೋಲಿಗೆ ಹಾಕುವ ಕೆಲಸ. ಹನ್ನೊಂದು ಹರಿದೆನೆಂದು ನನ್ನ ಆಗಿನ ಡೈರಿಯಲ್ಲಿದೆ; ಹರಿಯದವು ಅದಕ್ಕಿಂತ ಕಡಿಮೆ.

ಹಿಂದಿನ ಓಣಿಯ ಶಾಲೆಯಲ್ಲಿ ಗಂಟೆ ಹೊಡೆಯಿತು. ಆಕೆ ಎದ್ದೇಬಿಟ್ಟಳು.

"ಕುಂಡ್ರ ತಂಗಿ. ಈಗ ಎದ್ದಿ ಅಂದ್ರ ಹಿಟ್ಟು ಕೆಡತೈತಿ," ಎಂದಳು ಅವ್ವ.

"ಅಲ್ಲಿ ಕೂಸು ಒಂದ ಐತಿರಿ, ಅಕ್ಕಾ."

"ಅದರ ಜೋಡಿ ಮಾಸ್ತರ ಅದಾರ. ನಿನ್ನ ಜೋಡಿ ಯಾರ ಅದಾರ, ಹೇಳ?"

ಆಕೆ ಕೂತಳು. ಹೊಸೆಯುತ್ತಲೇ ಅತ್ತಳು. "ಕನ್ನಡಕ ನಾನ ಹಾಕಿಸಿದ್ನಿರಿ. ಅದಕ್ಕ ಹಿಂಗಾತು."

"ಅಕ್ಷರ ಕಾಣಲಿ ಅಂತ ಹಾಕಿಸಿದಿ, ತಪ್ಪೇನೈತಿ? ಅಳೂದಿದ್ರ ಅಳು, ಕೈ ನಿಲ್ಲಿಸಬ್ಯಾಡ. ಉಪ್ಪಾದ್ರ ಪಾಯಸಕ್ಕ ಬೆಲ್ಲ ಜಾಸ್ತಿ ಹಾಕೂಣು."

ಅಳುವಿನ ನಡುವೆಯೇ ಆಕೆಗೆ ನಗು ಬಂತು.

ಸಂಜೆ ಶಾಂತಾ ಬಂದಳು. ಕಣ್ಣು ಕೆಂಪಗಿದ್ದವು.

"ಇವತ್ತೂ ಅಂದ್ರೇನವಾ?" ಎಂದು ತಾಯಿ ಕೇಳಿದಳು.

"ಹೂಂ. ನಾನೂ ಅಂದ್ನಿ. ಆರಿಸಿದ್ರ ನಿಮಗ ಹಾದಿ ಯಾರ ತೋರಸ್ತಾರಲೇ, ಅಂದ್ನಿ."

ಮರುದಿನವೂ ಅವಳು ಶಾಲೆಗೆ ಹೋದಳು. ಅಣಕ ಒಮ್ಮೆಲೇ ನಿಲ್ಲಲಿಲ್ಲ, ನಮ್ಮ ಮನೆಯಲ್ಲಿ ಹೊಸೆಯುವುದೂ ನಿಲ್ಲಲಿಲ್ಲ. ಆ ಬೇಸಿಗೆಯ ಶಾವಿಗೆಯನ್ನು ದೀಪಾವಳಿಯವರೆಗೆ ತಿಂದೆವು.

ಆಮೇಲೆ ಅವರು ನಿಡಗುಂದಿ ಕಡೆ ಹೋದರು. ಈಗ ಡೈರಿ ತಿರುವಿದರೆ ಎಲ್ಲ ಪುಟಗಳಲ್ಲೂ 'ಶಾಂತಾನ ಅವ್ವ' ಎಂದೇ ಇದೆ. ಹೆಸರೇನೆಂದು ಅವ್ವನನ್ನು ಕೇಳಿದೆ. "ತಂಗಿ ಅಂತಿದ್ನೆವಾ, ಹೆಸರು ಕೇಳೇ ಇಲ್ಲ ನೋಡ," ಎಂದಳು. ಶಾಂತಾ ಹೇಗಿದ್ದಾಳೆಂದು ಆಗ ಓಣಿಯವರೆಲ್ಲ ಕೇಳುತ್ತಿದ್ದೆವು. ಇಂದು ನನಗೆ ಆ ತಾಯಿಯ ಕ್ಷೇಮವನ್ನು ಕೇಳಬೇಕೆನಿಸಿದೆ. ಆ ಕಡೆಯವರು ಯಾರಾದರೂ ಬಲ್ಲಿರಾದರೆ, ಆಕೆ ಹೇಗಿದ್ದಾಳೆ, ಆಕೆಯ ಹೆಸರೇನು, ಒಂದು ಕಾರ್ಡು ಬರೆದು ತಿಳಿಸಿ.