ಗುಳಿಗೆ ಕೇಳಿದವಳೇ ರೋಗಿ

“ಸ್ವಾಮಿ, ಆ ಆಸ್ಪತ್ರೆ ಕಟ್ಟೋವಾಗ ಕಟ್ಟಿ. ಗುಳ್ಗೆ ಮುಗ್ದು ನಾಕ್ ದಿನಾಯ್ತು, ನಮ್ಮಣ್ಣ ನಿದ್ದೆ ಮಾಡ್ನಿಲ್ಲ. ಉಮ್ಮತ್ತೂರು ಬಸ್ಸು ಓಯ್ತದೆ, ಕೊಟ್ಬುಡಿ!”

ಚಾಮರಾಜನಗರದ ಆಸ್ಪತ್ರೆಯಲ್ಲಿ ತಿಂಗಳಿಗೊಮ್ಮೆ ನಡೆಯುತ್ತಿದ್ದ ಮಾನಸಿಕ ಆರೋಗ್ಯ ಶಿಬಿರದಲ್ಲಿ ಹೆಂಗಸೊಬ್ಬಳು ಹೀಗೆ ಎದ್ದು ಕೂಗಿದಾಗ ತೊಂಬತ್ತಾರೋ ತೊಂಬತ್ತೇಳೋ ಇಸವಿ. ಭಾಷಣ ಮಾಡುತ್ತಿದ್ದ ಅಧಿಕಾರಿ ಮಾತ್ರ ಮಾತಿನಲ್ಲಿ ಆಗಲೇ ಎರಡು ಸಾವಿರದ ಇಸವಿ ದಾಟಿದ್ದರು. ಗುಂಡ್ಲುಪೇಟೆಗೊಂದು ವಾರ್ಡು, ಹಳ್ಳಿಹಳ್ಳಿಗೂ ವ್ಯಾನು, ರೋಗಿಗಳು ಅಡ್ಡಾಡಲು ಹೂದೋಟ, ಎಲ್ಲವನ್ನೂ ಚಾರ್ಟಿನ ಮೇಲೆ ಕಟ್ಟಿ ಮುಗಿಸಿದ್ದರು. ಗುಳಿಗೆಯ ಬೀರುವಿಗೆ ಬೀಗ ಬಿದ್ದಿತ್ತು. ಅದರ ಕೀಲಿ, ಹಾರ ಹಾಕಿಸಿಕೊಂಡು ವೇದಿಕೆಯ ಮೇಲೆ ಕೂತಿದ್ದ ಡಾಕ್ಟರ ಜೇಬಿನಲ್ಲಿತ್ತು.

ಅಧಿಕಾರಿಗೆ ಮರುಕ ಉಕ್ಕಿತು. “ಪಾಪ, ಈಯಮ್ಮನಿಗೆ ಜಾಸ್ತಿಯಾಗಿದೆ. ಡಾಕ್ಟ್ರೇ, ಮೊದಲು ಇವರನ್ನ ನೋಡಿ. ಜೊತೆಗೆ ಬಂದಿರೋರು ಎಷ್ಟು ಸಮಾಧಾನವಾಗಿ ಕೇಳ್ತಿದ್ದಾರೆ ನೋಡಿ!”

ಜೊತೆಗಿದ್ದ ಅಣ್ಣ ಅದಕ್ಕೂ ಚಪ್ಪಾಳೆ ತಟ್ಟಿದ. ಒಂದು ಯೋಜನೆಯನ್ನೂ ಬಿಡದೆ ತಟ್ಟುತ್ತಲೇ ಬಂದಿದ್ದ.

ಡಾಕ್ಟರು ಇಳಿದು ಬಂದು ಬೀರು ತೆರೆದರು. ಅಣ್ಣನ ಚೀಟಿ ತೋರಿಸಿ ಗುಳಿಗೆ ಈಸಿಕೊಂಡ ಅವಳು ಅವನ ಕೈಹಿಡಿದು ಬಸ್ಸಿಗೆ ಓಡುತ್ತಿದ್ದಳು. “ರೋಗಿ ನಾನಲ್ಲ ಅನ್ನಬಾರದಿತ್ತೇನಮ್ಮ?” ಎಂದು ಬಾಗಿಲ ಬಳಿ ಕೂತಿದ್ದ ನಾನು ಕೇಳಿದೆ.

“ತಲೆ ಕೆಟ್ಟೋಳು ಅಂದ್ರೂ ಅನ್ಲಿ ಬುಡಿ ಮೇಷ್ಟ್ರೇ, ಗುಳ್ಗೆ ಸಿಕ್ತಲ್ಲ!”

ಕುರ್ಚಿ ತುಂಬಿಸಲು ಕರೆಸಿದ್ದ ಮೇಷ್ಟ್ರುಗಳಲ್ಲಿ ನಾನೂ ಒಬ್ಬ. ಅಂದು ನಾನು ಚಪ್ಪಾಳೆ ತಟ್ಟಲಿಲ್ಲ ಎಂದು ಬರೆಯುವ ಆಸೆಯಿದೆ. ನನ್ನ ನೆನಪು ಅದಕ್ಕೆ ಒಪ್ಪುತ್ತಿಲ್ಲ.