ಕುಬೇರ ಇಟ್ಟ ಹೆಸರುಗಳು

ಕುಬೇರ ತೀರಿಕೊಂಡು ಇಂದಿಗೆ ನಲವತ್ತು ದಿನ. ಕಾಮಾಲೆ ರೋಗ, ಒಂಬತ್ತು ದಿನದ ಕಾಯಿಲೆ, ಮೂವತ್ತೆಂಟು ವರ್ಷದ ಆಯುಷ್ಯ. ಇದನ್ನು ಇಷ್ಟಕ್ಕೇ ಮುಗಿಸುತ್ತೇನೆ. ಅವನೇ ಓದುತ್ತಿದ್ದರೆ, "ಗೊತ್ತಾತು, ಮುಂದಿಂದು ಹೇಳಲೇ ಬಸು" ಎನ್ನುತ್ತಿದ್ದ.

ಹಳಿಯಾಳದ ಪೇಟೆಯಲ್ಲಿ ಕಾಶೆವ್ವನ ಹಿಟ್ಟಿನ ಗಿರಣಿಯ ಅಟ್ಟದ ಮೇಲೆ ನಾವಿಬ್ಬರೂ ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದೆವು. ತೊಂಬತ್ತಾರರಲ್ಲಿ ಶುರುಮಾಡಿದ್ದು. ದಿನಾ ಬೆಳಿಗ್ಗೆ ಕುಬೇರ ಕೀಬೋರ್ಡುಗಳನ್ನು ಬೋರಲು ಹಾಕಿ ತಟ್ಟುತ್ತಿದ್ದ. "ಇವತ್ತ ಎರಡ ರೊಟ್ಟಿಗೆ ಆಗೂವಷ್ಟು ಬಂತು" ಎಂದು ಲೆಕ್ಕ ಹೇಳುತ್ತಿದ್ದ. ಅವನು ಮುಂಡಗೋಡ ತಾಲೂಕಿನ ಲಂಬಾಣಿ ತಾಂಡಾದವನು, ನಾನು ಹಳಿಯಾಳದವನೇ. ಪ್ರೋಗ್ರಾಮ್ ಬರೆಯುವುದು ನನ್ನ ಕೆಲಸ, ಕಲಿಸುವುದು ಅವನದು. ನಾನು ಬರೆದ ಪ್ರೋಗ್ರಾಮ್ ಜಗತ್ತಿನಲ್ಲಿ ನನಗೊಬ್ಬನಿಗೇ ತಿಳಿಯುತ್ತದೆ, ಅದೂ ಎಂಟು ದಿನದ ಮಟ್ಟಿಗೆ ಎಂದು ಅವನ ತಕರಾರು. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ತೊಂಬತ್ತೊಂಬತ್ತರಲ್ಲಿ ಊರಾಚೆಯ ಟ್ರಸ್ಟ್ ಆಸ್ಪತ್ರೆಯವರು ಎರಡು ಕಂಪ್ಯೂಟರ್ ತಂದರು. ಒಂದು ಕೇಸ್ ಪೇಪರ್ ಬರೆದುಕೊಡುವ ಕಿಟಕಿಯಲ್ಲಿ, ಇನ್ನೊಂದು ಡಾಕ್ಟರ ಕೋಣೆಯಲ್ಲಿ, ನಡುವೆ ಒಂದು ಕೇಬಲ್ಲು. ರೋಗಿಗಳ ದಾಖಲೆಯೆಲ್ಲ ಡಾಕ್ಟರ ಕೋಣೆಯ ಕಂಪ್ಯೂಟರಿನಲ್ಲಿರಬೇಕು, ಕಿಟಕಿಯಲ್ಲಿ ಕುಳಿತವರು ಅಲ್ಲಿಂದಲೇ ತೆಗೆದು ನೋಡಬೇಕು. ಇದಕ್ಕೊಂದು ಪ್ರೋಗ್ರಾಮ್ ಬರೆದುಕೊಡಲು ಟ್ರಸ್ಟಿನ ಕಾರ್ಯದರ್ಶಿ ನಾಗಲಿಂಗಪ್ಪನವರು ನಮ್ಮನ್ನು ಕರೆಸಿದರು.

ಆ ಕಿಟಕಿಯಲ್ಲಿ ಹದಿನೈದು ವರ್ಷದಿಂದ ಕುಳಿತವರು ಶಂಕ್ರವ್ವ. ಏಳನೇ ಇಯತ್ತೆ ಓದಿದವರು. ಒಮ್ಮೆ ಬಂದುಹೋದ ರೋಗಿ ಮೂರು ವರ್ಷದ ಮೇಲೆ ಮತ್ತೆ ಬಂದರೂ ಮುಖ ನೋಡಿಯೇ ಕಪಾಟಿನಿಂದ ಹಳೆಯ ಪೇಪರ್ ಎಳೆದು ಕೊಡುತ್ತಿದ್ದರು. ನಾಗಲಿಂಗಪ್ಪನವರು ಅವರೆದುರಿಗೇ, ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳದೆ, "ಇನ್ನ ಇಲ್ಲಿಗೆ ಹುಬ್ಬಳ್ಳಿಯಿಂದ ಕಂಪ್ಯೂಟರ್ ಕಲ್ತ ಹುಡುಗಿ ಬರ್ತಾಳ. ಶಂಕ್ರವ್ವ ಹಿಂದ ಅರಿವಿ ಒಗಿಯೂ ಕಡೆ ಹೋಗ್ಲಿ" ಎಂದರು.

ಹರಿದ ಪೇಪರಿಗೆ ಅಂಟು ಹಚ್ಚುತ್ತಿದ್ದ ಶಂಕ್ರವ್ವನ ಕೈ ನಿಂತಿತು. "ಅಂಟು ಒಣಗತೈತಿ" ಎಂದು ತಮ್ಮಷ್ಟಕ್ಕೆ ಅಂದುಕೊಂಡು ಮತ್ತೆ ಹಚ್ಚತೊಡಗಿದರು.

"ಸರ, ಅಕ್ಕಾರಿಗೇ ಕಲಸ್ತೇನ್ರಿ" ಎಂದ ಕುಬೇರ. "ಒಂದ ತಿಂಗಳ ಟೈಮ್ ಕೊಡ್ರಿ."

"ಕಲಿತರ ಛಲೋನ ಆತು. ದೀಪಾವಳಿ ಆದಮ್ಯಾಲಿನ ಸೋಮವಾರ ನಾನ ಬಂದು ನಿಂದರ್ತೇನಿ. ಯಾರೂ ಬಾಯಿ ಹಾಕಬಾರದು. ಕೆಲಸ ನಿಂತತಂದ್ರ ಹುಬ್ಬಳ್ಳಿಗೆ ಕಾಗದ ಬರಿಯೂದ."

ಹನ್ನೊಂದು ದಿನದಲ್ಲಿ ಪ್ರೋಗ್ರಾಮ್ ಬರೆದು ಮುಗಿಸಿದೆ. ನನಗೆ ಹೆಮ್ಮೆ. ಕುಬೇರ ಅದನ್ನು ಕಾಗದದ ಮೇಲೆ ಅಚ್ಚು ಹಾಕಿಸಿ, ಶಂಕ್ರವ್ವನನ್ನು ಎದುರಿಗೆ ಕೂರಿಸಿ, ನನ್ನಿಂದ ಜೋರಾಗಿ ಓದಿಸಿದ. ಯಾರು ಬಳಸುತ್ತಾರೋ ಅವರ ಮುಂದೆ ಓದಬೇಕಂತೆ. ಇಂಥ ಪದ್ಧತಿಯನ್ನು ನಾನು ಯಾವ ಪುಸ್ತಕದಲ್ಲಿಯೂ ಕಂಡಿರಲಿಲ್ಲ.

"ಎಕ್ಸ್," ಎಂದು ಶುರುಮಾಡಿದೆ. "ಎಕ್ಸ್ ಎಕ್ಸ್. ಎಕ್ಸ್ ಎಕ್ಸ್ ಎಕ್ಸ್."

"ಕುರಿ ಎಣಸಾಕ ಹತ್ತೀಯೇನಲೇ? ಮೂರನೇ ಎಕ್ಸ್ ಅಂದ್ರೇನು?"

ಬಹಳ ಹೊತ್ತು ನೋಡಿದೆ. ಯಾವ ಲೆಕ್ಕಕ್ಕೆ ಆ ಹೆಸರಿಟ್ಟಿದ್ದೆನೋ ನನಗೂ ನೆನಪಾಗಲಿಲ್ಲ.

ಮುಂದೆ ಎರಡು ಕಂಪ್ಯೂಟರುಗಳ ಹೆಸರು ಬಂತು. ಇಂಗ್ಲಿಷ್ ಪುಸ್ತಕಗಳಲ್ಲಿ ಅಪ್ಪಣೆ ಮಾಡುವ ಯಂತ್ರಕ್ಕೆ ಒಡೆಯನೆಂದೂ ಕೇಳುವ ಯಂತ್ರಕ್ಕೆ ಗುಲಾಮನೆಂದೂ ಕರೆಯುವ ರೂಢಿಯಿತ್ತು. ನಾನು ಅದನ್ನು ನಮ್ಮ ಮಾತಿಗೆ ತಂದು ಡಾಕ್ಟರ ಕೋಣೆಯದನ್ನು 'ಯಜಮಾನ', ಕಿಟಕಿಯದನ್ನು 'ಆಳು' ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿದ್ದೆ.

"ನಾ ಕುಂದ್ರೂದು ಯಾವುದ್ರಿ ಸರ?" ಎಂದರು ಶಂಕ್ರವ್ವ.

"ಆಳು."

"ಇದನ್ನ ಹೇಳಾಕ ಕಂಪ್ಯೂಟರ್ ಬೇಕಾತೇನ್ರಿ? ಮೊದಲ ಗೊತ್ತಿತ್ತಲ್ಲ" ಎಂದು ನಕ್ಕರು. ಎಲ್ಲದಕ್ಕೂ ನಗುವ ಕುಬೇರ ಆಗ ನಗಲಿಲ್ಲ.

"ಬಸು, ಅವಮಾನದ ಮಾತು ಆಮ್ಯಾಲೆ. ಯಜಮಾನ ಅಂದ್ರ ಅದು ಎಲ್ಲೈತಿ ಅಂತರ ಗೊತ್ತಾಗ್ತೈತೇನು? ನಮ್ಮ ಕಡೆ ಯಜಮಾನ ಅನ್ನಾಂವ ಯಾವಾಗೂ ಮನ್ಯಾಗ ಇರಂಗಿಲ್ಲ." ಎರಡನ್ನೂ ಹೊಡೆದುಹಾಕಿ 'ಕೋಣೆ', 'ಕಿಟಕಿ' ಎಂದು ಬರೆದ.

ಗಂಡನ ಹೆಸರು ತುಂಬದಿದ್ದರೆ ಪ್ರೋಗ್ರಾಮ್ ಮುಂದೆ ಹೋಗದಂತೆ ಮಾಡಿದ್ದೆ. ಅದನ್ನು ತುಸು ಜೋರಾಗಿಯೇ ಓದಿದೆ.

"ಗಂಡನ ಹೆಸರು ಯಾರ ಹೇಳ್ತಾರ್ರಿ ಬಾಯಿಬಿಟ್ಟು?" ಎಂದರು ಶಂಕ್ರವ್ವ. "ಮದುವ್ಯಾಗ ಒಡಪು ಕಟ್ಟಿ ಹೇಳಿದ್ದ ಕಡೀಕ. ಕಿಟಕಿ ಮುಂದ ಒಬ್ಬೊಬ್ಬಾಕಿ ಒಡಪು ಹೇಳಾಕ ನಿಂತರ ಸಾಲು ಕೆರಿ ತನಕಾ ಹೋಗ್ತೈತಿ." ಕಾಗದದತ್ತ ಬೆರಳು ತೋರಿಸಿ, "ಮತ್ತ ಗಂಡ ಇಲ್ಲದಾವ್ರು ಮುಂದ ಹೋಗೂದ ಬ್ಯಾಡೇನ್ರಿ?" ಎಂದರು. ಈ ಕೆಲಸಕ್ಕೆ ಬರುವ ಮುಂಚೆಯೇ ಅವರ ಗಂಡ ತೀರಿಕೊಂಡಿದ್ದರು.

"ನೀವು ಏನಂತ ಕೇಳ್ತೀರಿ ಅಕ್ಕಾರ?"

"ಜೋಡಿ ಯಾರ ಬಂದಾರ ಅಂತ. ಡಾಕ್ಟರಿಗೆ ಬೇಕಾದ್ದೂ ಅದ. ಗಂಡ ಬಂದಿದ್ರ ಗಂಡ, ನೆಗೆಣ್ಣಿ ಬಂದಿದ್ರ ನೆಗೆಣ್ಣಿ. ಒಬ್ಬರ ಬಂದಿದ್ರ ಒಬ್ಬರ."

'ಗಂಡ' ಹೋಗಿ 'ಜೋಡಿ' ಬಂತು.

ಮನೆ ನಂಬರ್ ಇಲ್ಲದವರನ್ನು ನಾನು 'ಅಲೆಮಾರಿ' ಎಂಬ ಗುಂಪಿಗೆ ಹಾಕಿದ್ದೆ. ಕುಬೇರ ಕಾಗದ ಕಸಿದುಕೊಂಡ. "ನನ್ನ ಹಡದ ಯಾಡಿ ಧರ್ಮಿಬಾಯಿ ಬಂದ್ರ ಇದರಾಗ ಬೀಳ್ತಾಳಲ್ಲ? ಲೇ, ನಮ್ಮ ತಾಂಡಾ ಎಲ್ಲೂ ಅಲೀವಲ್ದು. ನಲವತ್ತ ವರ್ಷದಿಂದ ಒಂದ ಕಡೆ ನಿಂತು ಬಸ್ಸಿಗೆ ಕಾಯಾಕ ಹತ್ತೇತಿ." ಕೊನೆಗೆ ಊರಿಗೆ ಮರಳುವಾಗ ಬಸ್ಸು ಇಳಿಯುವ ಜಾಗದ ಹೆಸರನ್ನು ಕೇಳುವುದೆಂದಾಯಿತು. ಅಣಶಿ ಕಡೆಯ ಕಾಡಿನಿಂದ ಬರುವವರಿಗೂ ಅದು ಹೊಂದಿಕೆಯಾಯಿತು, ನಂಬರ್ ಇದ್ದ ನನಗೂ ಹೊಂದಿಕೆಯಾಯಿತು.

ಉಳಿದದ್ದು ತೀರಿಕೊಂಡವರ ಕಡತ. ಕಡತದ ಹೆಸರು ಎಂಟು ಇಂಗ್ಲಿಷ್ ಅಕ್ಷರ ಮೀರುವಂತಿರಲಿಲ್ಲ. ನಾನು 'ಖಲಾಸ್' ಎಂದಿಟ್ಟಿದ್ದೆ. "ಆರ ಅಕ್ಷರದಾಗ ಮುಗೀತು ನೋಡು" ಎಂದು ಸಮರ್ಥಿಸಿಕೊಂಡೆ.

"ಅವರ ಮನಿಯವ್ರು ಕಿಟಕಿ ಮುಂದ ನಿಂತಾಗ ಇದು ಪರದೆ ಮ್ಯಾಲೆ ಮೂಡಿದ್ರ?"

"ಒಳಗಿನ ಹೆಸರಲೇ ಅದು. ಯಾರಿಗೂ ಕಾಣಂಗಿಲ್ಲ."

"ಪ್ರೋಗ್ರಾಮ್ ಕೆಟ್ಟಾಗ ಒಳಗಿಂದೆಲ್ಲಾ ಹೊರಗ ಬರ್ತೈತಿ. ಮನಿಶ್ಯಾಗ ಸಿಟ್ಟು ಬಂದಾಗ ಬರೂ ಹಂಗ." ಶಂಕ್ರವ್ವನ ಕಡೆ ತಿರುಗಿದ. "ಅಕ್ಕಾರ, ತೀರಿಕೊಂಡವರ ಪೇಪರ್ ನೀವು ಎಲ್ಲಿಡ್ತೀರಿ?"

"ಮ್ಯಾಲಿನ ಕಪಾಟಿನ್ಯಾಗ. ಖಲಾಸ್ ಹೆಂಗ ಆಗ್ತಾರ ತಮ್ಮಾ? ಎಷ್ಟೋ ವರ್ಷದ ಮ್ಯಾಲೆ ಮಕ್ಕಳು ಬಂದು ನಮ್ಮಪ್ಪಗ ಏನಾಗಿತ್ತು ಅಂತ ಕೇಳ್ತಾರ. ಸ್ಟೂಲ್ ಹತ್ತಿ ತಗದು ಕೊಡ್ತೇನಿ."

ಕುಬೇರ ಛಂದಸ್ಸಿನ ಮಾಸ್ತರ ಹಾಗೆ ಬೆರಳು ಮಡಚಿ ಎಣಿಸಿದ. 'ಮೇಲ್‌ಕಪಾಟ್.' ಇಂಗ್ಲಿಷಿನಲ್ಲಿ ಸರಿಯಾಗಿ ಎಂಟು ಅಕ್ಷರ.

ಆ ತಿಂಗಳು ಶಂಕ್ರವ್ವ ಕಲಿತರು. ಇಂಗ್ಲಿಷ್ ಅಕ್ಷರಗಳು ಅವರಿಗೆ ಔಷಧದ ಚೀಟಿಗಳಿಂದ ಮೊದಲೇ ಪರಿಚಯ. ಪರದೆಯ ಮಾತುಗಳೆಲ್ಲ ಅವರವೇ ಆದ್ದರಿಂದ ಅಕ್ಷರ ಕೂಡಿಸಿದರೆ ಅರ್ಥ ತಾನಾಗಿ ಬರುತ್ತಿತ್ತು.

ಹೇಳಿದ ಸೋಮವಾರ ನಾಗಲಿಂಗಪ್ಪನವರು ಬಂದು ಶಂಕ್ರವ್ವನ ಹಿಂದೆ ಕೈಕಟ್ಟಿ ನಿಂತರು. ನಾವು ಗೋಡೆಗೆ ಒರಗಿದ್ದೆವು. ಸಾಲಿನಲ್ಲಿ ಇಪ್ಪತ್ತು ಜನ. ನಾಲ್ಕು ಕೇಸ್ ಪೇಪರ್ ಸಲೀಸಾಗಿ ಆದವು. ಐದನೆಯದಕ್ಕೆ ಪರದೆ ನಿಂತುಬಿಟ್ಟಿತು. ನಾನು ಮುಂದೆ ಹೆಜ್ಜೆ ಇಟ್ಟೆ, ಕುಬೇರ ಹಿಂದಿನಿಂದ ಅಂಗಿ ಹಿಡಿದ.

"ಆತು," ಎಂದರು ನಾಗಲಿಂಗಪ್ಪನವರು. "ನಿಂತತು."

ಶಂಕ್ರವ್ವ ಪರದೆಗೆ ಮುಖ ತಂದು ಅಕ್ಷರ ಕೂಡಿಸಿದರು. "ಕೋಣೆ... ಸಿಗ್ತಾ... ಇಲ್ಲ." ಎದ್ದು ಹೊರಟೇಬಿಟ್ಟರು.

"ಅಕ್ಕಾರ, ನಮ್ಮನ್ನ ಬಿಟ್ಟು ಎಲ್ಲಿಗೆ ಹೊಂಟ್ರಿ?" ಎಂದು ಸಾಲಿನಲ್ಲಿದ್ದ ದುರ್ಗವ್ವ ಎಂಬ ಹೆಂಗಸು ಕೂಗಿದಳು.

"ಕೋಣಿ ಸಿಗವಲ್ದಂತ. ಹುಡುಕ್ಕೊಂಡ ಬರ್ತೇನಿ ತಡಿಯವಾ."

ಡಾಕ್ಟರ ಕೋಣೆಯಿಂದ ಅವರ ಧ್ವನಿ ಕೇಳಿಸಿತು. "ಅಡಿವೆಯ್ಯನವ್ರ, ಈ ಕಂಪ್ಯೂಟರಿನ ಪ್ಲಗ್ ಯಾಕ ಕಿತ್ತೀರಿ?"

"ಸೂಜಿ ಕುದಸೂದು ಬ್ಯಾಡೇನವಾ?" ಇದು ಕಂಪೌಂಡರ್ ಅಡಿವೆಯ್ಯನ ಧ್ವನಿ.

"ಆ ಗ್ವಾಡಿಗೆ ಇನ್ನೊಂದ ಪ್ಲಗ್ ಐತಿ. ಅಲ್ಲಿ ಕುದಸ್ರಿ."

ಎರಡು ನಿಮಿಷದಲ್ಲಿ ಬಂದು ಕುಳಿತು, ಸೆರಗು ಸರಿಪಡಿಸಿಕೊಂಡು ಐದನೆಯ ಪೇಪರ್ ತೆಗೆದರು. ನಾಗಲಿಂಗಪ್ಪನವರು ಇಪ್ಪತ್ತೂ ಮುಗಿಯುವ ತನಕ ನಿಂತಿದ್ದರು. "ಹುಬ್ಬಳ್ಳಿಗೆ ಕಾಗದ ಬರಿಯೂದು ಬ್ಯಾಡ" ಎಂದು ಹೊರಟುಹೋದರು.

"ಯಜಮಾನ ಸಿಗ್ತಾ ಇಲ್ಲ ಅಂತ ಮೂಡಿತ್ತಂದ್ರ ಅಕ್ಕಾರು ನಾಗಲಿಂಗಪ್ಪನವ್ರನ್ನ ತಿರಿಗಿ ನೋಡತಿದ್ರು. ಇವರು ಇಲ್ಲೇ ಇದ್ದೇನಲ್ಲ ಅಂತಿದ್ರು. ಅಲ್ಲಿಗೆ ಮುಗೀತು" ಎಂದ ಕುಬೇರ. ಮುಂದಿನ ಎಂಟು ವರ್ಷ, ಹೊಸದಾಗಿ ಕ್ಲಾಸಿಗೆ ಸೇರಿದ ಪ್ರತಿಯೊಬ್ಬರಿಗೂ ಈ ಮಾತು ಹೇಳಿದ, ನನ್ನೆದುರಿಗೇ.

ಮೊನ್ನೆ ತಾಂಡಾಕ್ಕೆ ಹೋದಾಗ ಧರ್ಮಿಬಾಯಿ ನನ್ನ ಕೈ ಹಿಡಿದು ಒಂದೇ ಮಾತು ಕೇಳಿದಳು. ನಾನೂ ಅವಳನ್ನು ಯಾಡಿ ಎಂದೇ ಕರೆಯುವುದು. "ನಾ ಕಳಿಸಿದ್ದು ಏನರ ತಿಂದು ಆತೇನಪಾ? ದವಾಖಾನ್ಯಾಗ ಖರೇ ಏನ್ ಬರದಾರ ಕೇಳ್ಕೊಂಡ್ ಬಾ." ದೊಡ್ಡ ಆಸ್ಪತ್ರೆಗೆ ಒಯ್ಯುವ ಮೊದಲು ಕುಬೇರನನ್ನು ನಾನು ತೋರಿಸಿದ್ದು ಈ ಟ್ರಸ್ಟ್ ಆಸ್ಪತ್ರೆಯಲ್ಲಿಯೇ.

ಇಂದು ಬೆಳಿಗ್ಗೆ ಹೋದೆ. ಕಿಟಕಿಯಲ್ಲಿ ಶಂಕ್ರವ್ವನೇ ಇದ್ದಾರೆ, ಈಗ ಕನ್ನಡಕ ಬಂದಿದೆ. ಸ್ಟೂಲ್ ಹತ್ತುತ್ತಾರೆಂದು ನೋಡುತ್ತ ನಿಂತೆ. ಅವರು ಹತ್ತಲಿಲ್ಲ. ಮೇಜಿನ ಖಾನೆಯಿಂದ ಪೇಪರ್ ತೆಗೆದರು.

"ಮ್ಯಾಲೆ ಇಟ್ಟಿಲ್ರಿ ಇನ್ನ. ಹೋದ ತಿಂಗಳ ಕಡೀ ದಿವಸ ಕಂಪ್ಯೂಟರು ಮೇಲ್‌ಕಪಾಟಿಗೆ ಇಡಲಾ ಅಂತ ಕೇಳ್ತು. ಇಲ್ಲ ಅಂತ ಒತ್ತೇನಿ."

"ಮತ್ತ ಕೇಳ್ತೈತಲ್ರಿ."

"ಕೇಳ್ಲಿ ಬಿಡ್ರಿ ಬಸು ಸರ. ಕೇಳೂದು ಅದರ ಕೆಲಸ."

ಡಾಕ್ಟರು ಬರೆದದ್ದನ್ನು ಓದಿದೆ. ನೀರಿನಿಂದ ಬಂದ ಕಾಮಾಲೆ. ಊಟದ ಮಾತು ಎಲ್ಲಿಯೂ ಇಲ್ಲ. ಯಾಡಿಗೆ ಇದನ್ನು ಹೇಳಬಹುದು. ಹೆಸರು, ಇಳಿಯುವ ಜಾಗ, ಅದರ ಕೆಳಗೆ 'ಜೋಡಿ' ಎಂದಿದ್ದಲ್ಲಿ ನನ್ನ ಹೆಸರಿತ್ತು. ಪೇಪರನ್ನು ತಿರುಗಿ ಕೊಟ್ಟೆ. ಅವರು ಅದನ್ನು ಖಾನೆಯಲ್ಲಿಯೇ ಇಟ್ಟರು.

ನನ್ನ ಹಿಂದೆ ಮೊಣಕಾಲು ನೋವಿನ ಮುದುಕಿಯೊಬ್ಬಳು ನಿಂತಿದ್ದಳು. ನಾನು ಪಕ್ಕಕ್ಕೆ ಸರಿದೆ.

"ಬಾ ಅಬ್ಬೆ," ಎಂದರು ಶಂಕ್ರವ್ವ. "ಜೋಡಿ ಯಾರ ಬಂದಾರ?"