ಪರದೆ ಗುರುತಿಸದ ಬೆರಳು

ಹಿರೇಕೆರೂರು ತಾಲ್ಲೂಕಿನ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ನಾನು ಐದನೆಯ ತರಗತಿಗೆ ಪಾಠ ಮಾಡುತ್ತೇನೆ. ಹಾನಗಲ್ಲಿನಿಂದ ವರ್ಗವಾಗಿ ಬಂದ ಎರಡನೆಯ ವರ್ಷ ಶಾಲೆಗೆ ಟ್ಯಾಬ್‌ಗಳು ಬಂದವು. ಅವು ಬಂದದ್ದು ನನಗೆ ಸಂತೋಷವನ್ನೇ ಕೊಟ್ಟಿತ್ತು, ಅದನ್ನು ಮುಚ್ಚಿಡುವುದಿಲ್ಲ.

ನಮ್ಮ ಸುತ್ತಲಿನ ಹೊಲಗಳಲ್ಲಿ ಬೀಜಕ್ಕಾಗಿ ಟೊಮೆಟೊ ಬೆಳೆಯುತ್ತಾರೆ. ಒಂದು ಗಿಡದ ಹೂವಿನ ಪರಾಗವನ್ನು ಇನ್ನೊಂದು ಗಿಡದ ಹೂವಿಗೆ ಕೈಯಿಂದಲೇ ಮುಟ್ಟಿಸಬೇಕು. ಊರವರು ಇದನ್ನು ಕ್ರಾಸಿಂಗ್ ಎನ್ನುತ್ತಾರೆ. ಮೊಗ್ಗು ಬಿಡಿಸಲು ಸಣ್ಣ ಚಿಮಟ, ಉಳಿದದ್ದಕ್ಕೆಲ್ಲ ಬೆರಳ ತುದಿ. ರಜೆಯ ದಿನ ಮಕ್ಕಳೂ ಅವ್ವಂದಿರ ಜೊತೆ ಹೋಗುತ್ತಾರೆ. ಗಿಡದ ಅಂಟು ಬೆರಳಿಗೆ ಹತ್ತಿ ಕಪ್ಪಾಗುತ್ತದೆ. ಬರೀ ನೀರಿಗೆ ಹೋಗುವುದಿಲ್ಲ, ಒಲೆಯ ಬೂದಿ ಹಾಕಿ ತಿಕ್ಕಬೇಕು.

ಗಾಜಿನ ಪರದೆ ಕೊಳೆಯಾಗಬಾರದೆಂದು ನಾನು ನಳದ ಪಕ್ಕ ಒಂದು ಡಬ್ಬಿಯಲ್ಲಿ ಬೂದಿ ಇಡಿಸಿದೆ. ಟ್ಯಾಬ್ ಮುಟ್ಟುವ ಮೊದಲು ಎಲ್ಲರೂ ಕೈ ತಿಕ್ಕಿ ತೊಳೆದುಕೊಂಡೇ ಬರಬೇಕು ಎಂದೆ. ಆ ನಿಯಮ ನನ್ನದು, ಬೇರೆ ಯಾರದೂ ಅಲ್ಲ.

ತರಗತಿಯಲ್ಲಿ ಲೆಕ್ಕಕ್ಕೆ ಎಲ್ಲರಿಗಿಂತ ಚುರುಕಾದವಳು ಒಬ್ಬ ಹುಡುಗಿ. ನಾನು ಹಲಗೆಯ ಮೇಲೆ ಭಾಗಾಕಾರ ಬರೆದು ಮುಗಿಸುವಷ್ಟರಲ್ಲಿ ಅವಳ ಬಾಯಲ್ಲಿ ಉತ್ತರ ಇರುತ್ತಿತ್ತು. ಅವಳ ಅವ್ವನಿಗೆ ವಾರವಿಡೀ ಕ್ರಾಸಿಂಗ್ ಕೆಲಸ. ಮಗಳು ಶಾಲೆ ಬಿಟ್ಟ ಮೇಲೆ ಸಂಜೆ ಮೊಗ್ಗು ಬಿಡಿಸಲು ಹೋಗುತ್ತಿದ್ದಳು. ಹಾಗಾಗಿ ಎಲ್ಲರಿಗಿಂತ ಹೆಚ್ಚು ಬೂದಿ ತಿಕ್ಕುತ್ತಿದ್ದವಳೂ ಅವಳೇ. ಚಳಿಗಾಲದ ಹೊತ್ತಿಗೆ ಆ ಬೆರಳ ತುದಿಗಳು ಒಣಗಿ, ಒಡೆದು, ಹಳೆಯ ಚಪ್ಪಲಿಯ ತೊಗಲಿನಂತಾಗಿದ್ದವು. ನಾನದನ್ನು ನೋಡಿದ್ದೆ. ಕೊಬ್ಬರಿ ಎಣ್ಣೆ ಹಚ್ಚಿಕೋ ಎಂದಿದ್ದೆ. ಟ್ಯಾಬ್ ಇರುವ ದಿನ ಮಾತ್ರ ಬೇಡ ಎಂದೂ ಸೇರಿಸಿದ್ದೆ.

ಅಷ್ಟು ಒಣಗಿ ಗಟ್ಟಿಯಾದ ಬೆರಳಿನಿಂದ ಅವಳು ಮುಟ್ಟಿದರೆ ಟ್ಯಾಬ್‌ಗೆ ತಿಳಿಯುತ್ತಿರಲಿಲ್ಲ. ಒಮ್ಮೆ ಮುಟ್ಟುವಳು, ಒತ್ತುವಳು, ಉಗುರಿನಿಂದ ಕುಟ್ಟುವಳು.

"ಅಕ್ಕೋರ, ಇಕಿ ದೆವ್ವ ಅದಾಳ್ರಿ! ಬೆರಳಾಗ ಜೀವಾನ ಇಲ್ಲ!" ಎಂದು ಪಕ್ಕದವಳು ಕೂಗಿದಳು.

"ನಿನ್ನ ತಲ್ಯಾಗ ಇಲ್ಲಬೇ ಜೀವ. ಏಳೆಂಟ್ಲೆ ಎಷ್ಟು, ಹೇಳ ನೋಡೂಣು?" ಎಂದು ಇವಳು ತಿರುಗಿ ಕೇಳಿದಳು.

ತರಗತಿ ನಕ್ಕಿತು. ನಾನೂ ನಕ್ಕೆ. ಅದರಾಚೆ ಯೋಚಿಸಲಿಲ್ಲ.

ಜನವರಿಯಲ್ಲಿ ಟ್ಯಾಬ್ ಮೇಲೆ ಒಂದು ಪರೀಕ್ಷೆ ಬಂತು. ಅದರಲ್ಲಿ ಆಯ್ಕೆಯಾದವರಿಗೆ ಹಿರೇಕೆರೂರಿನಲ್ಲಿ ವಸತಿ ಶಾಲೆಯ ಪ್ರವೇಶಕ್ಕೆ ತರಬೇತಿ. ವಸತಿ ಶಾಲೆಗೆ ಸೇರಿಸಿಕೊಳ್ಳುವುದು ಆರನೆಯ ತರಗತಿಗೆ ಮಾತ್ರ, ಆಮೇಲೆ ಇಲ್ಲ. ಹುಡುಗಿಗೆ ಇದೆಲ್ಲ ಗೊತ್ತಿತ್ತು. ಅಲ್ಲಿ ಊಟ, ಪುಸ್ತಕ, ಸಂಜೆಯ ಓದು ಇರುತ್ತದೆ ಎಂದು ಅವಳೇ ನನಗೆ ಹೇಳಿದ್ದಳು.

ಪ್ರಶ್ನೆಗೆ ಒಂದು ನಿಮಿಷ. ನಿಮಿಷ ಮುಗಿದರೆ ಪರದೆ ತಾನೇ ಮುಂದಕ್ಕೆ ಹೋಗುತ್ತದೆ. ನಾನು ಅವಳ ಹಿಂದೆಯೇ ನಿಂತಿದ್ದೆ. ಸರಿಯುತ್ತರದ ಮೇಲೆಯೇ ಅವಳು ಬೆರಳಿಟ್ಟಳು. ಏನೂ ಆಗಲಿಲ್ಲ. ಬೆರಳು ಬದಲಿಸಿದಳು. ಕೊನೆಗೆ ಅಂಗೈಯ ಅಂಚು ಒತ್ತಿದಳು. ಪಕ್ಕದ ತಪ್ಪು ಉತ್ತರ ಆಯ್ಕೆಯಾಗಿ ಹಸಿರಾಯಿತು. ತಿರುಗಿ ನನ್ನನ್ನು ನೋಡಿದಳು. ಶಿಕ್ಷಕರು ಮಾತಾಡಬಾರದು ಎಂಬ ಸೂಚನೆ ಇತ್ತು. ನಾನು ಮಾತಾಡಲಿಲ್ಲ. ಉಳಿದ ಪ್ರಶ್ನೆಗಳೂ ಹೀಗೆಯೇ ಹೋದವು. ಮುಗಿದ ಮೇಲೆ, ಯಾವ ಅಡಚಣೆಯೂ ಇರಲಿಲ್ಲ ಎಂದು ಅಚ್ಚು ಹಾಕಿದ್ದ ಹಾಳೆಗೆ ಸಹಿ ಮಾಡಿದೆ.

ಪಟ್ಟಿ ಬಂದಾಗ ಅವಳ ಹೆಸರು ಎಲ್ಲಕ್ಕಿಂತ ಕೆಳಗಿತ್ತು. ಮುಂದೆ 'ಮೂಲ ಕಲಿಕೆ ಇಲ್ಲ' ಎಂದಿತ್ತು. ಮರುದಿನ ಅವಳ ಅವ್ವ ಹೊಲದಿಂದ ನೇರವಾಗಿ ಶಾಲೆಗೆ ಬಂದಳು.

"ಅಕ್ಕೋರ, ನನ್ನ ಮಗಳು ದಡ್ಡಿ ಏನ್ರಿ?"

"ಇಲ್ಲವ್ವಾ."

"ಮತ್ತ ಹಾಳ್ಯಾಗ ಬರದಾರಲ್ರಿ. ಸಾಲಿಗೆಷ್ಟು ಗಿಡ, ಗಿಡಕ್ಕೆಷ್ಟು ಹೂವು ಅಂತ ನಿಂತ ಕಾಲಾಗ ಹೇಳ್ತಾಳ. ನೀವಾ ಕಲಿಸೀರಿ, ನಿಮಗ ಗೊತ್ತಿಲ್ಲೇನ್ರಿ?"

ನನಗೆ ಗೊತ್ತಿತ್ತು. ಆ ಶನಿವಾರ ಮಧ್ಯಾಹ್ನ ಹುಡುಗಿಯನ್ನು ಕರೆದುಕೊಂಡು ಹಿರೇಕೆರೂರಿಗೆ ಹೋದೆ. ತರಬೇತಿಯ ಉಸ್ತುವಾರಿ ಅಧಿಕಾರಿ ಒಳ್ಳೆಯ ಮನುಷ್ಯನೇ. ನಮ್ಮಿಬ್ಬರನ್ನೂ ಕೂರಿಸಿ, ಹಾಳೆಯ ಮೇಲೆ ತಾನೇ ಆರು ಲೆಕ್ಕ ಬರೆದುಕೊಟ್ಟ. ಅವಳು ಪೆನ್ಸಿಲ್ ಹಿಡಿದು ಆರನ್ನೂ ಮಾಡಿದಳು. ಅವನು ಒಂದೊಂದನ್ನೂ ನೋಡಿ ಸರಿ ಗುರುತು ಹಾಕಿದ.

"ಭಾಳ ಶಾಣ್ಯಾ ಅದಾಳ್ರಿ ಹುಡುಗಿ."

"ಹಂಗಾದ್ರ ಹೆಸರು ಸೇರಿಸ್ರಿ."

"ನನ್ನ ಕೈಯಾಗ ಏನೈತ್ರಿ? ಅಂಕ ಮ್ಯಾಲೆ ಹೋಗ್ಯಾವ, ಲಾಕ್ ಆಗೇತಿ. ಮತ್ತ ಅಡಚಣಿ ಇಲ್ಲ ಅಂತ ನೀವಾ ಸಹಿ ಮಾಡೀರಿ."

"ಸಹಿ ನನ್ನ ತಪ್ಪು. ಅಕಿದೇನು ತಪ್ಪ್ರಿ?"

ಪಕ್ಕದ ಮೇಜಿನ ಗುಮಾಸ್ತ ತಲೆಯೆತ್ತಿ, "ಮುಂದಿನ ಸಲ ಮೂಗಿಲೆ ಒತ್ತಾಕ ಹೇಳ್ರಿ ಅಕ್ಕೋರ" ಎಂದು ನಕ್ಕ. ಹುಡುಗಿ ಕೈ ಎರಡನ್ನೂ ಲಂಗದ ಮಡಿಕೆಯಲ್ಲಿ ಅಡಗಿಸಿಕೊಂಡಳು. ಇಪ್ಪತ್ತು ವರ್ಷದ ನೌಕರಿಯಲ್ಲಿ ನಾನು ಕಚೇರಿಯಲ್ಲಿ ದನಿ ಎತ್ತಿದವಳಲ್ಲ. ಅವತ್ತು ಎತ್ತಿದೆ. ದುಡಿಯುವ ಮಗುವಿನ ಕೈ ಹೇಗಿರುತ್ತದೆಂದು ತಿಳಿಯದ ಯಂತ್ರವನ್ನು ಇಲ್ಲಿಗೆ ಕಳಿಸಿದವರು ಯಾರು? ಮೆತ್ತಗಿನ ಬೆರಳಿಗೆ ಮಾತ್ರ ಬುದ್ಧಿ ಇರುತ್ತದೆಯೆ? ಎದುರಿಗೆ ಕೂತು ಆರು ಲೆಕ್ಕ ಮಾಡಿದವಳನ್ನು ಬಿಟ್ಟು, ಎಲ್ಲೋ ಬೀಗ ಹಾಕಿಕೊಂಡ ಅಂಕವನ್ನು ನಂಬುವುದೆಂದರೇನು? ಇಷ್ಟನ್ನೂ ಕೇಳಿದೆ. ಮಾತು ತಡವರಿಸಿತು. ನಡೆದದ್ದನ್ನೆಲ್ಲ, ನನ್ನ ಬೂದಿಯನ್ನೂ ನನ್ನ ಮೌನವನ್ನೂ ಸೇರಿಸಿ, ಅಲ್ಲಿಯೇ ಪತ್ರ ಬರೆದುಕೊಟ್ಟೆ. ಅಧಿಕಾರಿ ಎದ್ದು ನಿಂತು ಅದನ್ನು ಓದಿದ, ಮುದ್ರೆ ಒತ್ತಿಸಿ ಒಂದು ಪ್ರತಿ ನನಗೆ ಕೊಟ್ಟ. ಪಟ್ಟಿ ಬದಲಾಗಲಿಲ್ಲ.

ತಿರುಗಿ ಬರುವಾಗ ಬಸ್ಸಿನಲ್ಲಿ ಅವಳು, ಊರು ಹತ್ತಿರವಾದಾಗ ಕೇಳಿದಳು:

"ಅಕ್ಕೋರ, ಮುಂದಿನ ವರ್ಷ ಮತ್ತ ಕರೀತಾರೇನ್ರಿ?"

"ಇಲ್ಲ. ಆರನೇತ್ತಕ್ಕ ಅಷ್ಟ."

ಅವಳು ತಲೆಯಾಡಿಸಿದಳು. ಆಮೇಲೆ, "ನಾ ಆರೂ ಲೆಕ್ಕ ಸರಿ ಮಾಡಿದ್ದು ಸಾಹೇಬ್ರು ನೋಡಿದ್ರಲ್ರಿ?" ಎಂದಳು.

ನೋಡಿದರು, ಎಂದೆ.